ಪಕ್ಕದ ಸೀಟಿನ ಬ್ರೇಕು

ನನ್ನ ತಂಗಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಆ ಕಾರಿನಲ್ಲಿ, ಆ ತಿರುವಿಗೆ ಮೊದಲು, ಅವಳ ಮಗಳು ‘ನಿಧಾನ’ ಅಂದಳೋ ಇಲ್ಲವೋ. ಅಂದಳು ಎಂದು ಕಿವಿಯಾರೆ ಕೇಳಿದವರು ಯಾರಾದರೂ ಬಂದು ಹೇಳಲಿ, ಆಮೇಲೆ ಎರಡು ತುತ್ತು ತಿನ್ನುತ್ತೇನೆ, ಸ್ಕೂಲಿನ ಬಾಗಿಲು ತೆಗೆಯುತ್ತೇನೆ, ಉಳಿದವರು ಮಾಡಬೇಕಾದ್ದೆಲ್ಲ ಮಾಡುತ್ತೇನೆ ಎಂದು ಹಟ ಹಿಡಿದು ಕೂತಿದ್ದಳು. ಹೋದವಳು ಹದಿನೇಳರ ಹುಡುಗಿ. ಹೆತ್ತದ್ದು ನನ್ನ ತಂಗಿ, ಹೊತ್ತು ತಿರುಗಿದ್ದು ನಾನು. ಹಾಗಾಗಿ ಇದನ್ನೆಲ್ಲ ನಾನು ತಣ್ಣಗೆ ಕೂತು ಹೇಳುತ್ತೇನೆಂದು ಯಾರೂ ಕಾಯಬೇಡಿ.

ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ಹರಿದ ಸೀಟು, ಕುಸಿದ ಫೋಮು, ಜೋತುಬಿದ್ದ ಒಳಚಾವಣಿ, ಕಾಲಡಿಯ ಮ್ಯಾಟು, ಎಲ್ಲ ನನ್ನ ಮೇಜಿಗೆ ಬರುತ್ತವೆ. ಅಂಟಿನ ವಾಸನೆ ನನ್ನ ಮೈ ಬಿಟ್ಟು ಹೋಗುವುದಿಲ್ಲ. ನನಗೆ ಮದುವೆಯಾಗದಿದ್ದದ್ದು ಅದಕ್ಕೇ ಎಂದು ತಂಗಿ ಚುಡಾಯಿಸುತ್ತಿದ್ದಳು. ಅವಳದು ಡ್ರೈವಿಂಗ್ ಸ್ಕೂಲು. ಒಂದೇ ಕಾರು, ಒಬ್ಬಳೇ ಮೇಡಮ್. ಮುಂದೆ ನನ್ನ ಅಂಗಡಿ, ಹಿಂದೆ ಮನೆ, ಪಕ್ಕದ ಓಣಿಯಲ್ಲಿ ಅವಳ ಬಿಳಿ ಕಾರು. ಅವಳ ಗಂಡ ಮಗುವಿಗೆ ಹಲ್ಲು ಬರುವ ಮೊದಲೇ ಬೇರೆ ದಾರಿ ಹಿಡಿದ. ಅವನ ವಿಚಾರಕ್ಕೆ ಇಷ್ಟು ಜಾಗವೇ ಹೆಚ್ಚು.

ಮಗುವನ್ನು ನಾವಿಬ್ಬರೂ ಚಿಕ್ಕಿ ಎಂದು ಕರೆಯುತ್ತಿದ್ದೆವು. ಅಮ್ಮ ಕಲಿಸಲು ಹೋದಾಗ ನನ್ನ ಫೋಮಿನ ಸುರುಳಿಗಳ ಮೇಲೆ ಮಲಗಿ ಬೆಳೆದಳು. ರೆಕ್ಸಿನ್ನಿನ ಚೂರುಗಳಲ್ಲಿ ಗೊಂಬೆಗಳಿಗೆ ಕೋಟು ಹೊಲಿದಳು. ದೊಡ್ಡವಳಾದ ಮೇಲೆ ನನ್ನನ್ನೇ ಗೇಲಿ ಮಾಡತೊಡಗಿದಳು.

“ದೊಡ್ಡಮ್ಮ, ಕಾರಿನ ಹೊಟ್ಟೆಯೊಳಗಿರೋದೆಲ್ಲ ನಿಂಗೆ ಗೊತ್ತು, ಓಡ್ಸೋದೊಂದು ಬಿಟ್ಟು. ನಾನು ಮೇಡಮ್ ಆದ್ಮೇಲೆ ಮೊದಲನೇ ಸ್ಟೂಡೆಂಟು ನೀನೇ.”

“ನಂಗೆ ಹೊಲಿಗೆ ಮಿಷನ್ನಿನ ಪೆಡಲ್ಲೇ ಸಾಕು ತಾಯಿ. ಅದು ಎಷ್ಟು ಓಡಿದ್ರೂ ಇದ್ದಲ್ಲೇ ಇರುತ್ತೆ,” ಅನ್ನುತ್ತಿದ್ದೆ ನಾನು.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ತಪ್ಪಿದರೆ ಕಲಿಸುವವಳು ಅದನ್ನು ಒತ್ತಿ ಕಾರು ನಿಲ್ಲಿಸುತ್ತಾಳೆ. ತಂಗಿಯ ಹಿಮ್ಮಡಿ ಯಾವಾಗಲೂ ಅದರ ಮುಂದೆಯೇ ಊರಿರುತ್ತಿತ್ತು. ಆ ಜಾಗದಲ್ಲಿ ಮ್ಯಾಟಿನ ರೋಮ ಮೊದಲು ಮಲಗಿ, ಆಮೇಲೆ ಉದುರಿ, ಕೊನೆಗೆ ತಳ ಕಾಣಿಸುತ್ತಿತ್ತು. ವರ್ಷಕ್ಕೊಮ್ಮೆ ನಾನು ಅಲ್ಲಿಗೊಂದು ತೇಪೆ ಹಾಕಿ ಹೊಲಿದುಕೊಡುತ್ತಿದ್ದೆ. ಹೊಲಿಯುವಾಗಲೆಲ್ಲ ಈ ವರ್ಷ ಎಷ್ಟು ಜನರ ಜೀವ ಉಳಿಸಿತೋ ಈ ಹಿಮ್ಮಡಿ ಎಂದು ನಾನು ಬೈದ ಹಾಗೆ ಹೊಗಳುತ್ತಿದ್ದೆ.

ಅವಳ ಸ್ಕೂಲಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಓಡಿಸುವವರ ಪಕ್ಕದಲ್ಲಾಗಲಿ ಹಿಂದಾಗಲಿ ಕೂತವರು ಎಷ್ಟೇ ಹೆದರಿಕೆಯಾದರೂ ತುಟಿ ಬಿಚ್ಚಕೂಡದು. ಶುರುವಿನ ದಿನಗಳಲ್ಲಿ ಒಬ್ಬ ಹೆಂಗಸು ಕಲಿಯಲು ಬಂದಾಗ ಅವಳ ಗಂಡ ಹಿಂದೆ ಕೂತು, ಎದುರಿಗೆ ಬಂದ ಲಾರಿಗೆ ಹೆದರಿ “ಏಯ್” ಎಂದು ಕಿರುಚಿದ್ದ. ಆಕೆ ಬೆಚ್ಚಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು, ಕಾರು ಹೋಗಿ ಸೈಕಲ್ ಸ್ಟ್ಯಾಂಡಿಗೆ ನುಗ್ಗಿತ್ತು. ಯಾರಿಗೂ ಏನೂ ಆಗಲಿಲ್ಲ, ಸೈಕಲ್ಲುಗಳಿಗೆ ಆಯಿತು. ಅಂದಿನಿಂದ ತಂಗಿ ಎಲ್ಲರಿಗೂ ಮೊದಲ ದಿನವೇ ಹೇಳಿಬಿಡುತ್ತಿದ್ದಳು: “ಮಾತು ಬೆಳ್ಳಿ, ಮೌನ ಬಂಗಾರ. ಹಿಂದೆ ಕೂರೋರು ಬಂಗಾರ ಹಾಕ್ಕೊಂಡೇ ಕೂತ್ಕೊಳ್ಳಿ.” ಜನ ನಗುತ್ತಿದ್ದರು, ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಚಿಕ್ಕಿಯ ಕಾಲು ಪೆಡಲಿಗೆ ಎಟುಕಲು ಶುರುವಾದ ವರ್ಷ ತಾಯಿ ಮಗಳು ಒಂದು ಆಟ ಹೂಡಿದರು. ಅದಕ್ಕೆ ಮೇಡಮ್ ಆಟ ಎಂದು ಹೆಸರು. ರಜಾ ದಿನ ಬೆಳಿಗ್ಗೆ ಮುಚ್ಚಿದ ಕಾರ್ಖಾನೆಯ ಹಿಂದಿನ ಬಯಲಿಗೆ ಹೋಗುವುದು. ಅಲ್ಲಿ ಒಂದು ಹಳೆಯ ಎಣ್ಣೆ ಡ್ರಮ್ಮು ನಿಲ್ಲಿಸುವುದು. ತಾಯಿ ಸ್ಟೀರಿಂಗ್ ಹಿಡಿದು ಹೊಸದಾಗಿ ಕಲಿಯುವವಳ ಹಾಗೆ ಅಡ್ಡಾದಿಡ್ಡಿ ಓಡಿಸುತ್ತ ಡ್ರಮ್ಮಿನ ಕಡೆ ಹೋಗುವುದು. ಪಕ್ಕದ ಸೀಟಿನ ಚಿಕ್ಕಿ ಮೇಡಮ್ಮು. ಅವಳು ಸರಿಯಾದ ಗಳಿಗೆಯಲ್ಲಿ ಬ್ರೇಕು ಒತ್ತಬೇಕು. ಚೀರಿದರೆ ಸೋತಳು. ‘ಅಮ್ಮಾ’ ಅಂದರೂ ಸೋತಳು. ಒತ್ತಿದ ಕಾಲನ್ನು ಕಾರು ಪೂರ್ತಿ ನಿಲ್ಲುವ ಮೊದಲು ತೆಗೆದರೂ ಸೋತಳು. ಮೊದಮೊದಲು ಕಿರುಚಿ, ಕಣ್ಣು ಮುಚ್ಚಿ, ಅಳುತ್ತ ಬರುತ್ತಿದ್ದ ಹುಡುಗಿ ಕೆಲವು ತಿಂಗಳಲ್ಲಿ ಪಳಗಿಬಿಟ್ಟಳು. ನಾನು ಡ್ರಮ್ಮಿನ ಪಕ್ಕ ನಿಂತು ನೋಡಿದ್ದೇನೆ. ಕಾರು ಧೂಳೆಬ್ಬಿಸುತ್ತ ಬರುತ್ತದೆ, ಗಾಜಿನ ಹಿಂದೆ ಆ ಪುಟ್ಟ ಮುಖ ಅಲುಗುವುದಿಲ್ಲ, ಕಾರು ಡ್ರಮ್ಮಿನಿಂದ ಒಂದು ಮಾರು ದೂರದಲ್ಲಿ ನಿಲ್ಲುತ್ತದೆ. ತಂಗಿ ಕೆಳಗಿಳಿದು ನನಗೆ ಹೇಳುತ್ತಿದ್ದಳು: “ನೋಡಿದ್ಯಾ ಅಕ್ಕ, ಒಂದು ಸದ್ದು ಮಾಡ್ಲಿಲ್ಲ.” ಅವಳ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಇನ್ನು ಆ ಹುಡುಗ. ನಮ್ಮ ಬೀದಿಯ ತುದಿಯ ಔಷಧಿ ಅಂಗಡಿಯವರ ಒಬ್ಬನೇ ಮಗ, ಚಿಕ್ಕಿಗಿಂತ ಒಂದು ವರ್ಷ ದೊಡ್ಡವನು. ಹದಿನೆಂಟು ತುಂಬಿದ ವಾರವೇ ತಂಗಿಯ ಹತ್ತಿರ ಸೇರಿದ್ದ. ಇಷ್ಟು ವರ್ಷದಲ್ಲಿ ಇಷ್ಟು ಹಗುರ ಕೈ ನೋಡಿಲ್ಲ ಎಂದು ಅವಳು ಬಾಯಿ ತುಂಬ ಹೊಗಳುತ್ತಿದ್ದಳು. ಗೇರು ಬದಲಿಸಿದ್ದು ಗೊತ್ತೇ ಆಗುವುದಿಲ್ಲವಂತೆ, ಕನ್ನಡಿ ನೋಡುವುದು ಹೇಳಿಕೊಡಬೇಕಾಗಿಲ್ಲವಂತೆ. ಲೈಸೆನ್ಸ್ ಪರೀಕ್ಷೆಯಲ್ಲಿ ಒಂದೇ ಏಟಿಗೆ ಪಾಸಾದ. ಅವನಪ್ಪ ಖುಷಿಯಲ್ಲಿ ಮನೆಯ ಹಳೆಯ ಕಾರಿಗೆ ಹೊಸ ಸೀಟು, ಹೊಸ ಮ್ಯಾಟು ಹಾಕಿಸಲು ನನ್ನ ಹತ್ತಿರ ಕಳಿಸಿದರು. ಬೂದು ಬಣ್ಣದ ಸೀಟಿಗೆ ಕೆಂಪು ಅಂಚುಪಟ್ಟಿ ಇರಲಿ ಎಂದು ಆರಿಸಿದವಳು ಚಿಕ್ಕಿಯೇ. ನನಗೆ ಅದು ಒಪ್ಪಿಗೆಯಾಗಿರಲಿಲ್ಲ, ಆದರೆ ಹೊಲಿದ ಮೇಲೆ ಚೆನ್ನಾಗಿಯೇ ಕಂಡಿತು.

ಆ ಕಾರಿನಲ್ಲಿ ನಾಲ್ವರು ತಿರುಗಾಡತೊಡಗಿದರು. ಓಡಿಸುವವನು ಆ ಹುಡುಗ. ಪಕ್ಕದಲ್ಲಿ ಚಿಕ್ಕಿ, ಅವಳಿಗೆ ಪಕ್ಕದ ಸೀಟು ಬಿಟ್ಟು ಬೇರೆಲ್ಲಿ ಕೂತರೂ ಕೂತ ಹಾಗಾಗುತ್ತಿರಲಿಲ್ಲ. ಹಿಂದೆ ಬೇಕರಿಯವರ ಮಗಳು ಮತ್ತು ಕಂಬ. ಕಂಬ ಅಂದರೆ ಚಿಕ್ಕಿಯ ತರಗತಿಯ ಒಬ್ಬ ಉದ್ದನೆಯ ಹುಡುಗ. ನನ್ನ ಅಂಗಡಿಗೆ ಬಂದರೆ ಬಾಗಿಲಿಗೆ ತಲೆ ಬಡಿದುಕೊಂಡೇ ಒಳಗೆ ಬರುತ್ತಿದ್ದ, ಬಡಿದುಕೊಂಡು ತಾನೇ ಮೊದಲು ನಗುತ್ತಿದ್ದ. ಕೆಟ್ಟ ಮಕ್ಕಳಲ್ಲ. ಈ ಮಾತನ್ನು ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ.

ಆ ಭಾನುವಾರ ಮಧ್ಯಾಹ್ನ ಊರ ಹೊರಗೆ ಐಸ್‌ಕ್ರೀಮ್ ತಿನ್ನಲು ಹೊರಟರು. “ಯಾರು ಓಡಿಸ್ತಾರೆ?” ಎಂದು ತಂಗಿ ಅಡುಗೆಮನೆಯಿಂದಲೇ ಕೇಳಿದಳು. “ಅವನು,” ಎಂದಳು ಚಿಕ್ಕಿ. “ಅವನೇನಾ? ಸರಿ, ಹೋಗು. ಬೆಲ್ಟ್ ಹಾಕ್ಕೋ,” ಅಂದಳು ತಂಗಿ. ಬೇರೆ ಯಾರ ಹೆಸರು ಹೇಳಿದ್ದರೂ ಅವಳು ಕಳಿಸುತ್ತಿರಲಿಲ್ಲ. ಹೋಗುವ ದಾರಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರದ ತಿರುವಿನಲ್ಲಿ ಕಾರು ಜಾರಿ ಟ್ಯಾಂಕಿನ ಕಾಲಿಗೆ ಹೊಡೆಯಿತು. ಹೊಡೆದದ್ದು ಪಕ್ಕದ ಸೀಟಿನ ಬಾಗಿಲು. ಹಿಂದಿನ ಇಬ್ಬರಿಗೆ ತರಚು ಗಾಯ, ಓಡಿಸುತ್ತಿದ್ದವನಿಗೆ ಕೈ ಮುರಿತ, ಎರಡು ಪಕ್ಕೆಲುಬು. ಚಿಕ್ಕಿ ಬೆಲ್ಟ್ ಹಾಕಿಕೊಂಡೇ ಇದ್ದಳು.

ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ ತಂಗಿ ಅಳಲಿಲ್ಲ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ಬಂದವರೆಲ್ಲ ವಿಧಿ ಅಂದರು, ವೇಗ ಅಂದರು, ಈಗಿನ ಮಕ್ಕಳು ಅಂದರು. ಅವಳು ಒಂದೇ ಮಾತು ಹಿಡಿದಳು.

“ಚಿಕ್ಕಿ ನಿಧಾನ ಅಂತ ಹೇಳಿರ್ತಾಳೆ. ಅವಳು ನನ್ನ ಮಗಳು. ವೇಗ ಅಂದ್ರೇನು ಅಂತ ಅವಳಿಗೆ ಗೊತ್ತು. ಹೇಳಿರ್ತಾಳೆ, ಅವರು ಕೇಳಿರಲ್ಲ.”

ಮೊದಲು ನಾನೂ ಹೌದು ಹೌದು ಅಂದೆ. ದುಃಖಕ್ಕೆ ಒರಗಲು ಒಂದು ಗೋಡೆ ಬೇಕು, ಇರಲಿ ಅಂದುಕೊಂಡೆ. ಆದರೆ ಅವಳಿಗೆ ಹೌದು ಸಾಕಾಗಲಿಲ್ಲ, ಸಾಕ್ಷಿ ಬೇಕಿತ್ತು. ಬೇಕರಿಯವರ ಮಗಳನ್ನು ಕರೆಸಿದಳು. ಆ ಹುಡುಗಿ ಅಮ್ಮನ ಕೈ ಹಿಡಿದುಕೊಂಡು ಬಂದು, ಹಾಡು ಜೋರಾಗಿತ್ತು, ಏನೂ ಕೇಳಿಸಲಿಲ್ಲ ಎಂದು ನೆಲ ನೋಡಿದಳು. ಕಂಬ ಬಂದ, ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಬಂದ. ಅಂದಿರಬಹುದು ಆಂಟಿ, ಅಂದಿಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದ. ನನಗೆ ಮೈಯೆಲ್ಲ ಉರಿಯಿತು. ಓಡಿಸಿದವನ ಮೇಲೆ ಕೇಸು ಬಿದ್ದಿತ್ತು. ಹಿಂದೆ ಕೂತು ಹುರಿದುಂಬಿಸಿರಬಹುದಾದ ಬಾಯಿಗಳ ಮೇಲೆ ಯಾವ ಕೇಸೂ ಇಲ್ಲ. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ. ಸಹವಾಸದವರು ಏನಾದರು ಎಂದು ಯಾರೂ ಹೇಳುವುದಿಲ್ಲ.

ತಂಗಿ ಸ್ಕೂಲಿನ ಬೋರ್ಡು ತಿರುಗಿಸಿಟ್ಟಳು. ಅರ್ಧ ಕಲಿತವರು ಫೋನು ಮಾಡುತ್ತಿದ್ದರು, ನಾನೇ ಎತ್ತಿ ಏನೋ ಒಂದು ಹೇಳುತ್ತಿದ್ದೆ. ತಟ್ಟೆಯಲ್ಲಿ ಹಾಕಿಟ್ಟ ಅನ್ನ ಹಾಗೇ ಒಣಗುತ್ತಿತ್ತು. ಬೈದೆ, ಗೋಗರೆದೆ, ಚಿಕ್ಕಂದಿನಲ್ಲಿ ತಿನ್ನಿಸಿದ ಹಾಗೆ ಕೈತುತ್ತು ಕೊಡಲು ನೋಡಿದೆ. ಬಾಯಿ ತೆರೆದರೆ ಅದೇ ಪ್ರಶ್ನೆ. ಒಬ್ಬಳನ್ನು ಕಳೆದುಕೊಂಡಾಗಿತ್ತು, ಇನ್ನೊಬ್ಬಳೂ ಕಣ್ಣೆದುರೇ ಕರಗುತ್ತಿದ್ದಳು. ನನಗೆ ಹೆದರಿಕೆ ಹತ್ತಿತು.

ಚಿಕ್ಕಿಯ ಬ್ಯಾಗು ಕಾರಿನಲ್ಲಿಯೇ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಪೊಲೀಸ್ ಠಾಣೆಯಿಂದ ಹೇಳಿಕಳಿಸಿದರು. ನಾನು ಹೋದೆ. ಠಾಣೆಯ ಹಿಂದಿನ ಅಂಗಳದಲ್ಲಿ, ತುಕ್ಕು ಹಿಡಿದ ಬೈಕುಗಳ ನಡುವೆ ಆ ಕಾರು ನಿಂತಿತ್ತು. ನಾನು ಹೊಲಿದ ಕೆಂಪು ಅಂಚುಪಟ್ಟಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯೋ ಸಿಟ್ಟೋ ಏನೋ ಒಂದು ಆಯಿತು. ಪೇದೆ ಓಡಿಸುವವನ ಕಡೆಯ ಬಾಗಿಲು ತೆಗೆದುಕೊಟ್ಟ. ನಾನು ಒಳಗೆ ಬಗ್ಗಿ ಬ್ಯಾಗು ಎಳೆದುಕೊಳ್ಳುವಾಗ ಪಕ್ಕದ ಸೀಟಿನ ಕಾಲಡಿ ಕಾಣಿಸಿತು.

ಮ್ಯಾಟು ಹಾಕಿ ತಿಂಗಳೂ ಆಗಿರಲಿಲ್ಲ. ಓಡಿಸುವವನ ಮ್ಯಾಟು ಹೊಸದರ ಹಾಗೇ ಇತ್ತು. ಪಕ್ಕದ್ದರಲ್ಲಿ ಒಂದು ಕಡೆ ರೋಮ ಪೂರ್ತಿ ಮಲಗಿತ್ತು, ಹಿಮ್ಮಡಿ ಊರಿದ ಕುಳಿ, ಅದರ ಮುಂದೆ ಅಂಗಾಲು ಒತ್ತಿದ ಜಾಗದಲ್ಲಿ ತಳದ ಹೊಲಿಗೆ ಕಿತ್ತಿತ್ತು. ತಂಗಿಯ ಕಾರಿನಲ್ಲಿ ವರ್ಷಕ್ಕೊಮ್ಮೆ ನಾನು ತೇಪೆ ಹಾಕುವ ಜಾಗವೇ ಅದು. ಅಲ್ಲಿ ಪೆಡಲು ಇದೆ. ಇಲ್ಲಿ ಇರಲಿಲ್ಲ. ಬರೀ ನೆಲವನ್ನು ಆ ಹುಡುಗಿ ಮತ್ತೆ ಮತ್ತೆ ಒತ್ತಿದ್ದಳು. ನಾನು ಅಂಗೈಯಿಂದ ಆ ಕುಳಿಯನ್ನು ಸವರಿದೆ. ರೋಮ ಏಳಲಿಲ್ಲ.

ಪೇದೆ “ಅಮ್ಮ, ಆಯ್ತಾ?” ಎಂದು ಕೇಳುತ್ತಿದ್ದ. ನನಗೆ ಏಳಲು ಆಗಲಿಲ್ಲ. ಆ ಸೀಟಿಗೆ ತಲೆಯಿಟ್ಟು ಅತ್ತೆ. ನಾನೇ ಹೊಲಿದ ಸೀಟು, ಅಳುವವಳಿಗೆ ಆಸರೆಯಾಗುವಷ್ಟು ಗಟ್ಟಿಯಾಗಿತ್ತು.

ಇದನ್ನು ತಂಗಿಗೆ ಹೇಳಲಿಲ್ಲ. ಹೇಳಿದರೆ ಚಿಕ್ಕಿ ಹೆದರಿದ್ದಳು ಎಂದು ಗೊತ್ತಾಗುತ್ತದೆ. ಹೆದರಿಯೂ ಬಾಯಿ ಬಿಡಲಿಲ್ಲ ಎಂದು ಗೊತ್ತಾಗುತ್ತದೆ. ಯಾಕೆ ಬಿಡಲಿಲ್ಲ ಎಂಬುದನ್ನು ಹುಡುಕಿಕೊಂಡು ಅವಳು ದೂರ ಹೋಗಬೇಕಾಗಿಲ್ಲ, ಆ ಬಯಲಿನ ಡ್ರಮ್ಮಿನವರೆಗೆ ಹೋದರೆ ಸಾಕು. ಬ್ಯಾಗನ್ನು ಅಲ್ಮೆರಾದಲ್ಲಿಟ್ಟು, ಮುಖ ತೊಳೆದುಕೊಂಡು, ನೇರ ಔಷಧಿ ಅಂಗಡಿಯವರ ಮನೆಗೆ ಹೋದೆ. ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ ಎಂದು ಬೀದಿಯೆಲ್ಲ ಹೇಳುತ್ತಿತ್ತು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವನು ಮಂಚದ ತುದಿಯಲ್ಲಿ ಕೂತಿದ್ದ. ಕೈಗೆ ಪ್ಲಾಸ್ಟರು. ಊರಿಗೆಲ್ಲ ಮಾತ್ರೆ ಕೊಡುವ ಅವನಪ್ಪ ಗೋಡೆಗೆ ಆನಿಕೊಂಡು ನಿಂತಿದ್ದರು. ಹತ್ತು ವರ್ಷ ಹೆಚ್ಚಿಗೆ ವಯಸ್ಸಾದವರ ಹಾಗೆ ಕಂಡರು. ಬಾಯಿಗೆ ಬಂದ ಹಾಗೆ ಬೈಯಬೇಕೆಂದು ದಾರಿಯುದ್ದಕ್ಕೂ ಹಲ್ಲು ಮಸೆಯುತ್ತ ಹೋಗಿದ್ದೆ. ಹುಡುಗ ತಲೆ ಎತ್ತಿದಾಗ ಬೈಯುವುದು ಬಿಟ್ಟು, ಕೇಳಲು ಬಂದದ್ದನ್ನೇ ಕೇಳಿದೆ.

“ಚಿಕ್ಕಿ ಏನಾದ್ರೂ ಅಂದ್ಲೇನಪ್ಪಾ? ನಿಧಾನ ಅಂತ?”

“ಏನೂ ಅನ್ಲಿಲ್ಲ ಆಂಟಿ.”

“ನಂಗೆ ಗೊತ್ತು. ಆದ್ರೆ ನೀನು ಬಂದು ನನ್ನ ತಂಗಿ ಹತ್ರ, ಅಂದ್ಲು ಅಂತ ಹೇಳ್ಬೇಕು. ಅವಳು ಉಣ್ಣಲ್ಲ, ಮಲಗಲ್ಲ. ಆ ಒಂದು ಮಾತಿಗೆ ಜೀವ ಹಿಡ್ಕೊಂಡಿದಾಳೆ.”

ಅವನಪ್ಪ ಗೋಡೆ ಬಿಟ್ಟು ಮುಂದೆ ಬಂದರು. “ಅಕ್ಕಾ, ಹಾಗಂದ್ರೆ ಇವನು ಹೇಳಿದ್ರೂ ಕೇಳ್ದೆ ಓಡ್ಸಿದ ಅಂತ ಆಗುತ್ತಲ್ಲ. ಕೇಸು ಇನ್ನೂ ನಡೀತಿದೆ.”

“ಆಗ್ಲಿ,” ಅಂದೆ ನಾನು.

“ಹೇಳ್ತೀನಿ ಆಂಟಿ,” ಅಂದ ಹುಡುಗ. ಅಪ್ಪನ ಮುಖ ನೋಡಲಿಲ್ಲ. “ನಾಳೆ ಬರ್ತೀನಿ.”

ಮಾರನೆಯ ದಿನ ಬಂದ. ತಂಗಿ ಸ್ಟೂಲಿನಿಂದ ಏಳಲಿಲ್ಲ, ಎದುರಿನ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ. ನಾನು ಹೊಲಿಗೆ ಮಿಷನ್ನಿನ ಹಿಂದೆ ನಿಂತು, ಅವನ ಬೆನ್ನನ್ನೇ ನೋಡುತ್ತಿದ್ದೆ.

“ಅಂದ್ಲು ಮೇಡಮ್,” ಅಂದ. “ನಿಧಾನ ಅಂದ್ಲು. ನಾನೇ ಕೇಳ್ಲಿಲ್ಲ.”

ತಂಗಿ ಕಣ್ಣು ಮುಚ್ಚಿದಳು. ಅವಳ ಭುಜ ಇಳಿಯಿತು. ಎಷ್ಟೋ ದಿನಗಳ ಮೇಲೆ ಪೂರ್ತಿ ಉಸಿರು ಬಿಟ್ಟಳು. ಪಕ್ಕದಲ್ಲಿದ್ದ ಲೋಟ ಎತ್ತಿ ನೀರು ಕುಡಿದಳು. ನಾನು ಒಳಗೆ ಹೋಗಿ ಅನ್ನ ಬಿಸಿ ಮಾಡಲೇ ಎಂದು ಯೋಚಿಸುವಷ್ಟರಲ್ಲಿ, ಅವಳು ಕಣ್ಣು ತೆರೆದು, ತುಂಬ ಮೆತ್ತಗೆ ಕೇಳಿದಳು.

“ಹೇಗೆ ಅಂದ್ಲು?”

“ತಿರುವಿಗೆ ಮೊದ್ಲು ಮೇಡಮ್. ಜೋರಾಗಿ. ಕೂಗಿದ್ಲು.”

ಪಾಪದ ಹುಡುಗ. ಅವಳಿಗೆ ಸಮಾಧಾನವಾಗಲಿ ಎಂದು ಒಂದು ಹಿಡಿ ಹೆಚ್ಚಿಗೆ ಹಾಕಿಬಿಟ್ಟ.

ತಂಗಿ ಲೋಟ ಕೆಳಗಿಟ್ಟಳು. “ಅವಳು ಕೂಗಲ್ಲ,” ಅಂದಳು. “ಕಾರಲ್ಲಿ ಕೂತ್ರೆ ಅವಳಿಗೆ ಕೂಗೋಕೆ ಬರಲ್ಲ. ಅದನ್ನ ನಾನೇ ಬಿಡಿಸಿದೀನಿ.”

ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಕುಯ್ಯೋ ಅನ್ನುತ್ತಿತ್ತು.

“ನನ್ನ ಪಕ್ಕದಲ್ಲಿ ಕೂತು ಕಲ್ತಿದೀಯ ನೀನು. ನಂಗೆ ಸುಳ್ಳು ಹೇಳ್ಬೇಡ. ಏನಾಯ್ತು ಹೇಳು.”

ಹುಡುಗ ನನ್ನ ಕಡೆ ತಿರುಗಿ ನೋಡಿದ. ನಾನು ಏನು ಸನ್ನೆ ಮಾಡಲಿ. ಬೇಡ ಎಂದು ತಲೆಯಾಡಿಸಿದೆನೋ ಏನೋ. ಅವನಿಗೆ ಅದು ಕಾಣಲೂ ಇಲ್ಲ, ಅವನ ಕಣ್ಣು ತುಂಬಿತ್ತು.

“ಒಬ್ಬನೇ ಇದ್ರೆ ನಾನು ಹಾಗೆ ಓಡ್ಸಲ್ಲ ಮೇಡಮ್. ಅಪ್ಪ ಇದ್ರೂ ಓಡ್ಸಲ್ಲ.” ಅವನ ದನಿ ಸಣ್ಣದಾಗಿತ್ತು. “ಮೊದಲನೇ ವಾರ ಒಂದು ಹಂಪ್ ಹತ್ರ ಸ್ವಲ್ಪ ಜೋರಾಗಿ ಹೋದೆ. ಚಿಕ್ಕಿ ಕಾಲು ತಾನೇ ನೆಲ ಒತ್ತಿಬಿಡ್ತು. ಕಂಬ ಹಿಂದಿನಿಂದ ನೋಡಿ, ಬ್ರೇಕು ಅಲ್ಲಿಲ್ಲ ತಾಯಿ ಅಂತ ಬಿದ್ದು ಬಿದ್ದು ನಕ್ಕ. ಎಲ್ರೂ ನಕ್ಕೆವು. ಅವಳೂ ನಕ್ಕಳು. ಅಭ್ಯಾಸ ಕಣ್ರೋ, ಏನ್ಮಾಡ್ಲಿ ಅಂದ್ಲು. ಆಮೇಲೆ ಅದೇ ಒಂದು ಆಟ ಆಗೋಯ್ತು.”

“ಏನು ಆಟ?” ಕೇಳಿದಳು ತಂಗಿ.

“ಅವಳ ಕಾಲು ಒತ್ತೋ ಹಾಗೆ ಮಾಡೋದು. ನಾನು ಸ್ವಲ್ಪ ಜೋರು ಮಾಡೋದು, ಹಿಂದಿನವರು ಬಗ್ಗಿ ನೋಡೋದು. ಕಾಲು ಒತ್ತಿದ್ರೆ ಹೋ ಅನ್ನೋದು. ಅವಳು ಒತ್ತಲ್ಲ ಅಂತ ತಡ್ಕೊಳ್ಳೋಕೆ ನೋಡ್ತಿದ್ಲು. ಆಗ್ತಿರ್ಲಿಲ್ಲ. ಅವತ್ತು ತುಂಬ ಹೊತ್ತು ತಡ್ಕೊಂಡ್ಲು. ಅದಕ್ಕೆ ಹಿಂದಿನವರು, ಇನ್ನೂ ಇನ್ನೂ, ಇನ್ನೊಂಚೂರು ಅಂದ್ರು. ತಿರುವು ಬರ್ತಿತ್ತು ಮೇಡಮ್. ನಂಗೆ ಆ ತಿರುವು ಗೊತ್ತು. ನೀವೇ ಅಲ್ಲಿ ಎಷ್ಟು ಸಲ ಕರ್ಕೊಂಡು ಹೋಗಿದೀರಿ.” ಅವನು ಪ್ಲಾಸ್ಟರಿನ ಕೈಯಿಂದಲೇ ಮುಖ ಒರೆಸಿಕೊಂಡ. “ನಾನು ರಸ್ತೆ ನೋಡ್ತಿರ್ಲಿಲ್ಲ. ಅವಳ ಕಾಲು ನೋಡ್ತಿದ್ದೆ.”

ತಂಗಿಯ ಮುಖದಲ್ಲಿ ಏನೂ ಕದಲಲಿಲ್ಲ. ಬಯಲಿನಲ್ಲಿ ಗಾಜಿನ ಹಿಂದೆ ನಾನು ನೋಡುತ್ತಿದ್ದ ಆ ಪುಟ್ಟ ಮುಖವೇ ಅದು ಎಂದು ನನಗೆ ಆಗ ಗೊತ್ತಾಯಿತು. ಮಗಳು ಅದನ್ನು ಎಲ್ಲಿಂದ ಕಲಿತಳೆಂದು ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

“ಒತ್ತಿದ್ಲಾ?” ಎಂದು ಕೇಳಿದಳು.

“ಒತ್ತಿದ್ಲು ಮೇಡಮ್.”

“ಆಗಲೂ ನಗ್ತಿದ್ಲಾ?”

“ಮೊದ್ಲು ನಗ್ತಿದ್ಲು. ಆಮೇಲೆ ನಗ್ಲಿಲ್ಲ. ನನ್ನ ಮುಖ ನೋಡಿದ್ಲು. ಏನೂ ಅನ್ಲಿಲ್ಲ.”

“ಕಾಲು ತೆಗೆದ್ಲಾ?”

ಹುಡುಗನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿ, ಮಿಷನ್ನಿನ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಇಲ್ಲ ಮೇಡಮ್. ತೆಗೀಲಿಲ್ಲ. ಕೊನೇವರೆಗೂ ಒತ್ಕೊಂಡೇ ಇದ್ಲು.”

ತಂಗಿ ನನ್ನ ಕಡೆ ತಿರುಗಿದಳು. “ನಾನು ಹೇಳಿಕೊಟ್ಟ ಹಾಗೇ ಮಾಡಿದಾಳೆ ಅಕ್ಕ,” ಅಂದಳು. “ಒಂದು ತಪ್ಪೂ ಮಾಡಿಲ್ಲ.”

ನಾನು ಹೋಗಿ ಅವಳನ್ನು ಹಿಡಿದುಕೊಂಡೆ. ಅವಳು ಮರದ ಹಾಗೆ ಕೂತಿದ್ದಳು. ಹುಡುಗ ಅಲ್ಲೇ ನಿಂತು, ಹೊಡೀರಿ ಮೇಡಮ್, ಏನಾದ್ರೂ ಅನ್ನಿ ಎಂದು ಬೇಡುತ್ತಿದ್ದ. ನಿಜ ಹೇಳುತ್ತೇನೆ, ಹೊಡೆಯಲು ನನ್ನ ಕೈ ತುರಿಸುತ್ತಿತ್ತು. ಅವಳು ಅವನ ಕಡೆ ತಿರುಗದೆ, ತನಗೆ ತಾನೇ ಹೇಳಿಕೊಳ್ಳುವಂತೆ ಎರಡೇ ಮಾತು ಆಡಿದಳು.

“ಓಡ್ಸೋರಿಗೆ ಎಲ್ಲಾ ಕಲಿಸಿದೆ. ಪಕ್ಕ ಕೂರೋಳಿಗೆ ಮಾತ್ರ ಬಾಯಿ ಮುಚ್ಚೋದು ಕಲಿಸಿದೆ.”

ಅವನು ಹೋದ ಮೇಲೂ ಹೊತ್ತು ಮುಳುಗುವವರೆಗೆ ಅವಳು ಹಾಗೇ ಕೂತಿದ್ದಳು. ಕತ್ತಲಾಗುವಾಗ ತಾನೇ ಎದ್ದು ತಟ್ಟೆ ಹಾಕಿಕೊಂಡು ನಾಲ್ಕು ತುತ್ತು ತಿಂದಳು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಔಷಧಿ ನುಂಗುವವಳ ಹಾಗೆ ನುಂಗುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದಾಗ ಕಾರಿನ ಕೀ ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದಳು.

“ಬಾ ಅಕ್ಕ.”

“ಎಲ್ಲಿಗೆ?”

“ನೀನು ಓಡ್ಸು.”

ನಿನಗೇನು ತಲೆ ಕೆಟ್ಟಿದೆಯಾ ಎಂದು ಬೇರೆ ದಿನವಾಗಿದ್ದರೆ ಕೇಳುತ್ತಿದ್ದೆ. ಅವತ್ತು ಸುಮ್ಮನೆ ಹೋಗಿ ಸ್ಟೀರಿಂಗಿನ ಮುಂದೆ ಕೂತೆ. ಆ ಸೀಟನ್ನು ಎಷ್ಟೋ ಸಲ ಬಿಚ್ಚಿ ಹೊಲಿದಿದ್ದೇನೆ, ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ. ತಂಗಿ ಪಕ್ಕದಲ್ಲಿ ಕೂತಳು. ನನ್ನ ಬೆಲ್ಟ್ ಹಾಕಿದಳು, ತನ್ನದನ್ನು ಹಾಕಿಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲಕ್ಕೆತ್ತಿ ಸೀಟಿನ ಮೇಲಿಟ್ಟುಕೊಂಡು, ಮೊಣಕಾಲು ತಬ್ಬಿ ಕೂತಳು. ಕೆಳಗೆ ಅವಳ ಬ್ರೇಕು, ಅದರ ಮುಂದೆ ನನ್ನ ತೇಪೆ, ಎರಡೂ ಖಾಲಿ ಇದ್ದವು.

“ಕೀ ತಿರುಗ್ಸು,” ಅಂದಳು.

ತಿರುಗಿಸಿದೆ. ಇಂಜಿನ್ನು ಗುರ್ ಅಂದಿತು. ಯಾವುದು ಕ್ಲಚ್ಚು, ಯಾವುದು ಬ್ರೇಕು ಎಂದು ಬಗ್ಗಿ ನೋಡಿದೆ. ಇದು ಬ್ರೇಕಾ ಎಂದು ಕೇಳಿದೆ. ಅವಳು ಹೂಂ ಅಂದಳು. ಎರಡೂ ಕಾಲನ್ನು ಅದರ ಮೇಲಿಟ್ಟೆ. ನನ್ನ ಮೊದಲನೇ ಸ್ಟೂಡೆಂಟು ನೀನೇ ಎಂದು ಚಿಕ್ಕಿ ಹೇಳಿದ್ದು ನೆನಪಾಗಿ ಎದುರಿನ ಗಾಜು ಮಂಜಾಯಿತು.

ಆಗ ತಂಗಿ ಹೇಳಿದಳು. “ನಿಧಾನ.”

“ಇನ್ನೂ ಹೊರಟೇ ಇಲ್ಲ ಕಣೆ,” ಅಂದೆ.

“ನಿಧಾನ ಅಕ್ಕ.”

ಅವಳು ನನ್ನನ್ನು ನೋಡುತ್ತಿರಲಿಲ್ಲ. ಮುಂದೆ ಓಣಿಯ ಕೊನೆಯ ಗೋಡೆಯನ್ನು ನೋಡುತ್ತಿದ್ದಳು. “ನಿಧಾನ,” ಅಂದಳು, ಸ್ವಲ್ಪ ಜೋರಾಗಿ. ಮತ್ತೆ ಅಂದಳು, ಇನ್ನೂ ಜೋರಾಗಿ. ಇಷ್ಟು ವರ್ಷ ಆ ಕಾರಿನೊಳಗೆ ಒಮ್ಮೆಯೂ ದನಿ ಏರಿಸದವಳು ಈಗ ಕೂಗುತ್ತಿದ್ದಳು. “ನಿಧಾನ, ನಿಧಾನ ಓಡ್ಸು, ನಂಗೆ ಹೆದರಿಕೆ ಆಗ್ತಿದೆ, ನಿಲ್ಸು, ನಿಲ್ಸು ಅಂದ್ನಲ್ಲ.” ಎದುರು ಮನೆಯ ಕಿಟಕಿ ತೆರೆಯಿತು. ಯಾರೋ ಬೀದಿಯಲ್ಲಿ ನಿಂತು ನೋಡಿದರು. ಗಂಟಲು ಒಡೆದು ಶಬ್ದ ಹೊರಡದಾದ ಮೇಲೂ ಅವಳ ತುಟಿ ಅದನ್ನೇ ಹೇಳುತ್ತಿತ್ತು.

ನಾನು ಎರಡೂ ಕಾಲಲ್ಲಿ ಬ್ರೇಕು ಒತ್ತಿ ಹಿಡಿದೆ, ತೆಗೆಯಲಿಲ್ಲ. ಕಾರು ನಿಂತೇ ಇತ್ತು.